ಐತಿಹ್ಯದ ಸತ್ಯ

ಹೆಸರು ಪಡೆದ ಮನುಷ್ಯನು ಕಾಲವಾದ ಮೇಲೆ ಅವನನ್ನು ಕುರಿತು ಎರಡು ಬಗೆಯ ನೆನಪುಗಳು ಉಳಿಯುತ್ತವೆ. ಒಂದು, ಕಾಗದದ ಮೇಲೆ ಬರೆದಿಟ್ಟದ್ದು. ಮತ್ತೊಂದು, ನಾಲಗೆಯಿಂದ ನಾಲಗೆಗೆ ಹರಿದುಬಂದದ್ದು. ಕಾಲ ಕಳೆದಂತೆ ಮೊದಲನೆಯದು ಮಾಸುತ್ತದೆ; ಎರಡನೆಯದು ಬೆಳೆಯುತ್ತದೆ. ಹೀಗೆ ಬೆಳೆದುಬಂದ ಕಥೆಗೆ ಐತಿಹ್ಯವೆಂದು ಹೆಸರು. ನಡೆಯದುದನ್ನು ನಡೆಯಿತೆಂದು ಹೇಳುವುದು ಅಸತ್ಯವಾದರೆ, ಐತಿಹ್ಯವನ್ನು ಹೇಳಿ ನಲಿಯುವವನೂ ಕೇಳಿ ನಲಿಯುವವನೂ ಅಸತ್ಯದ ಪಾಲುಗಾರರಾಗುವರೆ? ಈ ಪ್ರಶ್ನೆಯನ್ನು ಇಲ್ಲಿ ಸ್ವಲ್ಪ ವಿಚಾರಿಸಬೇಕೆಂದಿದ್ದೇನೆ.

ರಾಜರು, ಕವಿಗಳು, ಸಾಧುಸಂತರು ಇವರ ವಿಷಯದಲ್ಲಿ ಇಂಥ ಪ್ರಶ್ನೆಯನ್ನೆತ್ತಿದರೆ ಭಕ್ತಿಯೋ ಅಭಿಮಾನವೋ ನಡುವೆ ಬಂದು ತಕ್ಕಡಿಯನ್ನು ಒಂದು ಕಡೆಗೆ ವಾಲಿಸುವುದು. ಆದಕಾರಣ ನಮಗೆ ಹತ್ತಿರದ ನಂಟಿಲ್ಲದ ಒಂದು ಕ್ಷೇತ್ರವನ್ನು ಆರಿಸಿಕೊಳ್ಳುವುದು ಲೇಸು. ಗಾಲ್ಫ್ ಎಂಬ ಚೆಂಡಾಟವು ಅಂಥದು. ಬೆಂಗಳೂರಿನಲ್ಲಿ ೧೮೭೬ರಷ್ಟು ಹಿಂದೆಯೇ ಈ ಆಟದ ಕ್ಲಬ್ಬು ಸ್ಥಾಪಿತವಾದರೂ ನಮ್ಮಲ್ಲಿ ಬಹುಮಂದಿ ಗೃಹಸ್ಥರಿಗೆ ಅದು ಬೇಲಿಯಾಚೆಯ ಹಸುರು ಮಾತ್ರ. ವಿಶಾಲವಾದ ಹುಲ್ಲುನೆಲದಲ್ಲಿ ಚಿಕ್ಕದೊಂದು ಚೆಂಡನ್ನು ಉದ್ದನೆಯ ದಾಂಡಿನಿಂದ ಹೊಡೆದು, ದೂರದೂರದಲ್ಲಿ ತೋಡಿರುವ ಹದಿನೆಂಟು ಕುಳಿಗಳಲ್ಲಿ ಒಂದಾದ ಮೇಲೊಂದರಂತೆ ಬೀಳಿಸಬೇಕು. ಎಲ್ಲರಿಗಿಂತ ಕಡಮೆ ಹೊಡೆತಗಳಲ್ಲಿ ಮುಗಿಸಿದವನು ಗೆದ್ದಂತೆ. ಇದನ್ನು ಸಿರಿವಂತರು ವಿನೋದಕ್ಕಾಗಿ ಆಡುತ್ತಿದ್ದರು. ದಾಂಡುಗಳನ್ನು ತಯಾರಿಸಿ, ಇತರರ ಚೀಲವನ್ನು ಹೊತ್ತು, ಕಲಿಯುವವರಿಗೆ ಪಾಠ ಹೇಳಿ, ಪಣಕ್ಕೂ ಬಹುಮಾನಕ್ಕೂ ಆಡಿ ಹೊಟ್ಟೆ ಹೊರೆಯುತ್ತಿದ್ದ ವೃತ್ತಿಗಾರರು ಬೇರೊಂದು ವರ್ಗ. ಐತಿಹ್ಯಗಳು ಹೆಚ್ಚಾಗಿ ಬೆಳೆದದ್ದು ಈ ಎರಡನೆಯ ವರ್ಗದವರ ಸುತ್ತ.

ಮೊದಲು ಹ್ಯಾರಿ ವಾರ್ಡನ್ನನ ಕಥೆಯನ್ನು ನೋಡೋಣ. ಇವನು ೧೮೭೦ರಲ್ಲಿ ಜರ್ಸಿ ದ್ವೀಪದಲ್ಲಿ ತೋಟಗಾರನೊಬ್ಬನ ಮಗನಾಗಿ ಹುಟ್ಟಿದವನು. ಬ್ರಿಟನ್ನಿನ ಓಪನ್ ಪಂದ್ಯವನ್ನು ೧೮೯೬ರಿಂದ ೧೯೧೪ರೊಳಗೆ ಆರು ಸಲ ಗೆದ್ದವನು. ಬೆಳಗಿನ ಸುತ್ತಿನಲ್ಲಿ ಇವನ ದಾಂಡು ತಗುಲಿ ಹುಲ್ಲು ಕಿತ್ತುಹೋದ ಗುಳಿಗಳಲ್ಲಿಯೇ ಮಧ್ಯಾಹ್ನದ ಸುತ್ತಿನಲ್ಲಿಯೂ ಇವನ ಚೆಂಡು ಹೋಗಿ ಕೂರುತ್ತಿತ್ತಂತೆ. ಅಷ್ಟು ತಪ್ಪದ ಗುರಿಯಂತೆ! ಗಾಳಿ ಬೀಸುವ, ನೆಲ ಏರಿಳಿಯುವ, ಚೆಂಡು ಉರುಳುವ ಈ ಲೋಕದಲ್ಲಿ ಹೀಗಾಗುವುದು ಶಕ್ಯವಿಲ್ಲ. ನಿಜವಾದ ವಾರ್ಡನ್ನನಾದರೋ ೧೯೦೩ರಲ್ಲಿ ಪ್ರೆಸ್ಟ್‌ವಿಕ್ಕಿನಲ್ಲಿ ನಿಲ್ಲಲಾರದಷ್ಟು ನಿತ್ರಾಣನಾಗಿ ಆಡಿ ಗೆದ್ದನು. ಆ ಬಳಿಕ ಕ್ಷಯರೋಗದ ಚಿಕಿತ್ಸೆಗಾಗಿ ಆರೋಗ್ಯಧಾಮವನ್ನು ಸೇರಬೇಕಾಯಿತು. ಮುಂದೆ ಕುಳಿಯ ಅಂಚಿನಲ್ಲಿ, ಮಕ್ಕಳೂ ಹಾಕಬಹುದಾದ ಹೊಡೆತವನ್ನು ಹೊಡೆಯುವಾಗ ಅವನ ಬಲಗೈ ತನ್ನಷ್ಟಕ್ಕೆ ತಾನೇ ಅದುರುತ್ತಿತ್ತು.

ಹಾಗಾದರೆ ಆ ಕಥೆ ಬರಿಯ ಸುಳ್ಳೆ? ನಮ್ಮ ಮೀಮಾಂಸಕರು ಇಂಥ ಸಂದರ್ಭಕ್ಕೆ ಒಂದು ಸೂಕ್ಷ್ಮವಾದ ದಾರಿಯನ್ನು ತೋರಿಸಿದ್ದಾರೆ. ವೇದದಲ್ಲಿ ಯಜ್ಞದ ಕಂಬವನ್ನು ಸೂರ್ಯನೆಂದು ಹೇಳಿದ ಕಡೆಯಲ್ಲಿ, ಕಂಬವು ಸೂರ್ಯನಲ್ಲವೆಂಬುದು ಕಣ್ಣಿಗೇ ಕಾಣುತ್ತದೆ. ಆದುದರಿಂದ ಆ ಮಾತು ಕಂಬದ ತೇಜಸ್ಸನ್ನು ಹೊಗಳುತ್ತದೆ ಎಂದು ತಿಳಿಯಬೇಕೆಂದು ಅವರು ನಿರ್ಣಯಿಸಿದರು. ಪ್ರತ್ಯಕ್ಷಕ್ಕೆ ವಿರುದ್ಧವಾಗಿ ಗುಣವನ್ನು ಮಾತ್ರ ಹೇಳುವ ಇಂಥ ಅರ್ಥವಾದಕ್ಕೆ ಗುಣವಾದವೆಂದು ಹೆಸರಿಟ್ಟರು. ವಾರ್ಡನ್ನನ ಗುಳಿಗಳ ಕಥೆಯೂ ಗುಣವಾದವೇ. ಅದು ಹೇಳುವ ಸಂಗತಿ ಸುಳ್ಳು. ಹೊಗಳುವ ಗುಣ ನಿಜ. ಕೇಳುವವನೂ ಅದನ್ನು ಹಾಗೆಂದೇ ನಕ್ಕು ಕೇಳುತ್ತಾನೆ. ಇಲ್ಲಿ ಮೋಸಹೋದವರಿಲ್ಲ; ಅನ್ಯಾಯಕ್ಕೊಳಗಾದವರೂ ಇಲ್ಲ.

ಎರಡನೆಯ ಕಥೆ ಇಷ್ಟು ಸುಲಭವಾದುದಲ್ಲ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಊರಿನಲ್ಲಿ ಟಾಮ್ ಮಾರಿಸ್ ಎಂಬ ಹೆಸರಿನ ತಂದೆ ಮಕ್ಕಳಿದ್ದರು. ಇಬ್ಬರೂ ಓಪನ್ ಪಂದ್ಯವನ್ನು ನಾಲ್ಕು ನಾಲ್ಕು ಸಲ ಗೆದ್ದವರು. ೧೮೭೫ರ ಸೆಪ್ಟೆಂಬರಿನಲ್ಲಿ ಇಬ್ಬರೂ ಕೂಡಿ ನಾರ್ತ್ ಬೆರಿಕ್ಕಿನಲ್ಲಿ ಪಾರ್ಕ್ ಸೋದರರ ಮೇಲೆ ಆಡುತ್ತಿರುವಾಗ, ಮಗನ ಹೆಂಡತಿಗೆ ಹೆರಿಗೆ ಕಷ್ಟವಾಗಿದೆಯೆಂದು ತಂತಿ ಬಂದಿತು. ಫೋರ್ತ್ ಕೊಲ್ಲಿಯನ್ನು ದೋಣಿಯಲ್ಲಿ ದಾಟಿ ಊರನ್ನು ಮುಟ್ಟುವುದರೊಳಗಾಗಿ ತಾಯಿಯೂ ಇಲ್ಲ, ಕೂಸೂ ಇಲ್ಲ. ಅದೇ ವರ್ಷದ ಕ್ರಿಸ್‌ಮಸ್ ದಿನ ಕಿರಿಯ ಟಾಮನೂ ತೀರಿಕೊಂಡನು. ವಯಸ್ಸು ಇಪ್ಪತ್ತನಾಲ್ಕು. ದುಃಖದಿಂದ ಎದೆಯೊಡೆದು ಸತ್ತನೆಂದು ಲೋಕವು ಹೇಳಿತು. ಶ್ವಾಸಕೋಶದ ರಕ್ತನಾಳ ಒಡೆದು ಮರಣವಾಯಿತೆಂದು ವೈದ್ಯರು ಹೇಳಿದರು.

ಈ ಕಥೆಯನ್ನು ಕೇಳಿದಾಗ ಯಾರ ಮನಸ್ಸು ಕರಗದು? ಕಿರಿಯನ ದುಃಖವು ನಿಜವಾದುದರಿಂದ ಇದನ್ನೂ ಗುಣವಾದವೆಂದು ಬಿಟ್ಟುಬಿಡಬಹುದೆಂದು ತೋರುವುದು. ಆದರೆ ತಂದೆಯ ಕಡೆಗೆ ಕಣ್ಣು ಹೊರಳಿಸಿ. ಸೊಸೆಯನ್ನೂ ಮೊಮ್ಮಗುವನ್ನೂ ಮಗನನ್ನೂ ಕಳೆದುಕೊಂಡ ಹಿರಿಯ ಟಾಮನು ಮರುವರ್ಷ ಹೆಂಡತಿಯನ್ನೂ, ಕಾಲಕ್ರಮದಲ್ಲಿ ಉಳಿದ ಮಕ್ಕಳನ್ನೂ ಮಣ್ಣುಮಾಡಿ, ಹುಲ್ಲುನೆಲವನ್ನು ನೋಡಿಕೊಳ್ಳುವ ತನ್ನ ಕೆಲಸವನ್ನು ಬಹುವರ್ಷ ಬಿಡದೆ ನಡೆಸಿ, ೧೯೦೮ರವರೆಗೆ ಬದುಕಿದನು. ಪ್ರೀತಿಸಿದವನು ದುಃಖದಿಂದ ಸಾಯುವನೆಂದು ಕಥೆ ಹೇಳುವುದಾದರೆ, ಸಾಯದೆ ಉಳಿದವನು ಅಷ್ಟಾಗಿ ಪ್ರೀತಿಸಲಿಲ್ಲವೆಂದಾಗುವುದಲ್ಲವೆ? ಎದೆಯೊಡೆದು ಸಾಯುವುದು ನಿಜವಾಗಿದ್ದರೆ ತಾನೂ ಇಲ್ಲಿ ಇರುತ್ತಿರಲಿಲ್ಲವೆಂದು ಮುದುಕನು ಹೇಳಿದನೆಂದು ಪ್ರತೀತಿ. ಆ ಮಾತೂ ಒಂದು ಐತಿಹ್ಯವೇ ಇರಬಹುದು. ಆದರೆ ಮೊದಲನೆಯ ಐತಿಹ್ಯವು ಮಾಡಿದ ಅನ್ಯಾಯವನ್ನು ತಿದ್ದುವುದಕ್ಕಾಗಿ ಹುಟ್ಟಿದ ಐತಿಹ್ಯ ಅದು. ಒಬ್ಬನನ್ನು ಹೊಗಳುವ ಕಥೆ ಪಕ್ಕದಲ್ಲಿ ನಿಂತ ಇನ್ನೊಬ್ಬನನ್ನು ಸದ್ದಿಲ್ಲದೆ ಹಳಿಯಬಲ್ಲದೆಂದು ಇದರಿಂದ ಕಲಿಯುತ್ತೇವೆ.

ಮೂರನೆಯದು ಅಮೆರಿಕದ ವಾಲ್ಟರ್ ಹೇಗನ್ನನ ಕಥೆ. ಇದರಲ್ಲಿ ವಿಶೇಷವೇನೆಂದರೆ, ಸಂಗತಿ ನಿಜ. ೧೯೨೦ರಲ್ಲಿ ಓಪನ್ ಪಂದ್ಯಕ್ಕಾಗಿ ಅವನು ಇಂಗ್ಲೆಂಡಿನ ಡೀಲ್ ಎಂಬ ಊರಿಗೆ ಹೋದನು. ವೃತ್ತಿಗಾರರು ಕ್ಲಬ್ಬಿನ ಮನೆಯೊಳಗೆ ಕಾಲಿಡಬಾರದು, ಬಟ್ಟೆ ಬದಲಾಯಿಸಬೇಕಾದರೆ ದಾಂಡು ಮಾರುವ ಅಂಗಡಿಯಲ್ಲಿ ಬದಲಾಯಿಸಿಕೊಳ್ಳಬೇಕು ಎಂಬುದು ಅಲ್ಲಿನ ಕಟ್ಟಳೆ. ಹೇಗನ್ನನು ಭಾರಿ ಮೋಟಾರು ಗಾಡಿಯೊಂದನ್ನು ಬಾಡಿಗೆಗೆ ಹಿಡಿದು, ಅದನ್ನು ಕ್ಲಬ್ಬಿನ ಮುಂಬಾಗಿಲಲ್ಲಿಯೇ ನಿಲ್ಲಿಸಿ, ಅದರಲ್ಲಿ ಬಟ್ಟೆ ಬದಲಾಯಿಸಿಕೊಂಡನು. ಅದು ಯಾವ ಗಾಡಿ ಎಂಬುದನ್ನು ಹೇಳುವವರು ಒಬ್ಬೊಬ್ಬರು ಒಂದೊಂದಾಗಿ ಹೇಳುತ್ತಾರೆ. ಅಷ್ಟು ಉಪ್ಪುಕಾರ ಇರಲಿ. ಆ ಪಂದ್ಯದಲ್ಲಿ ಅವನಿಗೆ ಸಿಕ್ಕಿದ್ದು ಐವತ್ತಕ್ಕಿಂತ ಕೆಳಗಿನ ಸ್ಥಾನ. ಎರಡು ವರ್ಷದ ತರುವಾಯ ಸ್ಯಾಂಡ್‌ವಿಚ್ಚಿನಲ್ಲಿ ಅದೇ ಪಂದ್ಯವನ್ನು ಗೆದ್ದನು.

ಇದನ್ನು ಜನರು ಹೇಳುವ ರೀತಿಯನ್ನು ಗಮನಿಸಿ. ಹೇಗನ್ನನ ಡೌಲು, ಅವನ ರಸಿಕತೆ, ಗಾಡಿಯ ಥಳಕು ಇವೇ ಮುಂದಕ್ಕೆ ಬರುವುವು, ಕೇಳಿದವರು ನಗುವರು. ಮುಚ್ಚಿದ ಬಾಗಿಲು ಮಾತ್ರ ನಗೆಯಲ್ಲಿ ಮರೆಯಾಗುವುದು. ಕೈಯ ವಿದ್ಯೆ ಬೇಕು, ಆ ಕೈಯುಳ್ಳವನು ಹೊಸ್ತಿಲ ಈಚೆಗೆ ಬರಬಾರದು ಎಂಬ ನೀತಿಯು ಆಟದ ಅಲಂಕಾರವಾಗಿ ಪರಿಣಮಿಸುವುದು. ಮದುವೆಯ ಚಪ್ಪರದಲ್ಲಿ ವಾಲಗದವರ ನಾದವನ್ನು ಕೊಂಡಾಡಿ, ಊಟದ ಹೊತ್ತಿಗೆ ಅವರಿಗೆ ಬೇರೆ ಪಂಕ್ತಿಯಲ್ಲಿ ಎಲೆ ಹಾಕಿದ ನಮಗೆ ಇದು ಅರ್ಥವಾಗದ ಸಂಗತಿಯೇನಲ್ಲ.

ಅದೇ ೧೯೨೦ರಲ್ಲಿ ಅಮೆರಿಕದ ಟೊಲೀಡೋ ಪಟ್ಟಣದ ಇನ್ವರ್ನೆಸ್ ಕ್ಲಬ್ಬು ತನ್ನಲ್ಲಿ ನಡೆದ ಪಂದ್ಯಕ್ಕೆ ಬಂದ ವೃತ್ತಿಗಾರರಿಗೆ ಬಾಗಿಲನ್ನು ತೆರೆದಿಟ್ಟಿತು. ಐವತ್ತು ವರ್ಷದ ವಾರ್ಡನ್ನನೂ ಅಲ್ಲಿದ್ದನು. ಒಂದೇ ಹೊಡೆತದಿಂದ ಪಂದ್ಯವನ್ನು ಕಳೆದುಕೊಂಡನು. ಆ ಮರ್ಯಾದೆಗೆ ಪ್ರತಿಯಾಗಿ ವೃತ್ತಿಗಾರರೆಲ್ಲರೂ ಸೇರಿ ಕ್ಲಬ್ಬಿಗೆ ಎತ್ತರವಾದ ಗಡಿಯಾರವೊಂದನ್ನು ಕಾಣಿಕೆಯಾಗಿ ಕೊಟ್ಟರು. ಈ ಕಥೆಯಲ್ಲಿ ನಗುವಿಲ್ಲ, ಥಳಕಿಲ್ಲ. ಆದಕಾರಣ ಇದನ್ನು ಹೇಳುವವರು ಕಡಮೆ.

ಇನ್ನು ಮುಂದಿನ ಸಂಗತಿಯನ್ನು ಕೇಳಿ. ಅಮೆರಿಕದ ವೃತ್ತಿಗಾರರು ೧೯೧೬ರಲ್ಲಿ ತಮ್ಮದೇ ಒಂದು ಸಂಘವನ್ನು ಕಟ್ಟಿಕೊಂಡಿದ್ದರು. ಬಾಗಿಲ ಹೊರಗೆ ನಿಂತ ಅನುಭವ ಅವರಲ್ಲಿ ಅನೇಕರಿಗಿತ್ತು. ಹಾಗಿದ್ದೂ ೧೯೩೪ರಲ್ಲಿ ಆ ಸಂಘವೇ ಬಿಳಿಯ ಜನಾಂಗದವರಲ್ಲದವರು ಸದಸ್ಯರಾಗಬಾರದೆಂದು ಕಟ್ಟಳೆ ಮಾಡಿತು. ಅದು ರದ್ದಾದದ್ದು ೧೯೬೧ರಲ್ಲಿ. ಇತರರ ಚೀಲ ಹೊತ್ತು ಆಟ ಕಲಿತ ಕರಿಯ ಜನಾಂಗದ ಚಾರ್ಲಿ ಸಿಫರ್ಡನಿಗೆ ಆಗ ಮೂವತ್ತೊಂಬತ್ತು ವರ್ಷ. ಆಟಗಾರನ ಮೈಯ ಕಸುವು ಇಳಿಮುಖವಾಗುವ ಕಾಲ. ಆದರೂ ಅವನು ೧೯೬೭ರಲ್ಲಿ ಒಂದು, ೧೯೬೯ರಲ್ಲಿ ಇನ್ನೊಂದು, ಹೀಗೆ ಎರಡು ದೊಡ್ಡ ಪಂದ್ಯಗಳನ್ನು ಗೆದ್ದನು. ಬಾಗಿಲು ಮುಚ್ಚಿದ್ದ ಕಾಲದಲ್ಲಿ ಬಂದು ಹೋದ, ಅವನಂಥ ಇನ್ನೆಷ್ಟು ಮಂದಿಯೋ ಕಥೆಯೇ ಇಲ್ಲದವರಾದರು. ಮುಚ್ಚಿದ ಬಾಗಿಲನ್ನು ನಗೆಯ ವಸ್ತುವನ್ನಾಗಿ ಮಾಡಿಕೊಂಡವರಿಗೆ, ಅದೇ ಬಾಗಿಲನ್ನು ತಮ್ಮ ಕೈಯಿಂದ ಮುಚ್ಚುವಾಗ ಅದರ ಗುರುತು ಹತ್ತಲಿಲ್ಲ.

ನಾವು ಹೊರಟ ಪ್ರಶ್ನೆಗೆ ಈಗ ಹಿಂದಿರುಗಬಹುದು. ಐತಿಹ್ಯದ ಸತ್ಯಾಸತ್ಯಗಳನ್ನು ಸಂಗತಿಯೊಂದರಿಂದಲೇ ಅಳೆಯುವುದಾದರೆ ವಾರ್ಡನ್ನನ ಕಥೆಯನ್ನು ತೊಡೆದು ಹೇಗನ್ನನ ಕಥೆಯನ್ನು ಉಳಿಸಬೇಕಾಗುವುದು. ನನಗೆ ತೋರುವುದು ಬೇರೆ. ಸಂಗತಿ ಸುಳ್ಳಾಗಿದ್ದರೂ ಅರ್ಥವು ನಿಜವಾಗಿರುವ ಕಥೆಗಿಂತ, ಸಂಗತಿ ನಿಜವಾಗಿದ್ದೂ ಅರ್ಥವನ್ನು ಕಳೆದುಕೊಂಡ ಕಥೆಯೇ ಹೆಚ್ಚು ಅಪಾಯಕರ. ಏಕೆಂದರೆ ಅದನ್ನು ಯಾರೂ ಪರೀಕ್ಷಿಸಹೋಗುವುದಿಲ್ಲ. ಹೀಗೆಂದ ಮಾತ್ರಕ್ಕೆ ಕಂಡಂತೆ ಕಥೆ ಕಟ್ಟಬಹುದೆಂದಲ್ಲ. ಚರಿತ್ರೆಯನ್ನು ಬರೆಯುವವನಿಗೆ ಸಂಗತಿಯೇ ಪ್ರಮಾಣ, ಅಲ್ಲಿ ವಿನಾಯಿತಿಯಿಲ್ಲ. ಆದರೆ ಜಗಲಿಯ ಮೇಲೆ ಕುಳಿತು ಮಕ್ಕಳಿಗೆ ಹಿಂದಿನವರ ಕಥೆ ಹೇಳುವ ನಾವು, ಇದು ನಡೆಯಿತೆ ಎಂಬ ಪ್ರಶ್ನೆಯೊಡನೆ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು: ಹೀಗೆ ಹೇಳುವುದರಿಂದ ಯಾರಿಗೆ ಅನ್ಯಾಯವಾಗುತ್ತದೆ? ಬದುಕುಳಿದ ತಂದೆಗೋ? ಹೊಸ್ತಿಲ ಹೊರಗೆ ನಿಂತವನಿಗೋ? ಕಥೆಯೇ ಇಲ್ಲದೆ ಹೋದವನಿಗೋ?

ಹೇಗನ್ನನ ಕಥೆಯನ್ನು ಬಿಡಬೇಕಾಗಿಲ್ಲ. ಗಾಡಿಯನ್ನು ಬಣ್ಣಿಸಿ, ಮಕ್ಕಳು ನಗಲಿ. ಆಮೇಲೆ ಆ ಬಾಗಿಲನ್ನೂ ತೋರಿಸಿದರಾಯಿತು.