ಬೆನ್ನಿನ ಕಡೆಯ ಮನೆಗಳು

ನ್ಯೂಯಾರ್ಕಿನ ಲಿಂಕನ್ ಸೆಂಟರಿಗೆ ಪೂರ್ವದ ಕೊಲಂಬಸ್ ಅವೆನ್ಯೂ ಕಡೆಯಿಂದ ಬಂದವರಿಗೆ ಅದೊಂದು ತೆರೆದ ಅಂಗಳ. ನಡುವೆ ದುಂಡನೆಯ ಕಾರಂಜಿ. ಬಲಕ್ಕೆ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ನುಡಿಸುವ ಡೇವಿಡ್ ಗೆಫೆನ್ ಹಾಲ್, ಎಡಕ್ಕೆ ಬ್ಯಾಲೆಯ ರಂಗಮಂದಿರ, ಎದುರಿಗೆ ಎತ್ತರದ ಕಮಾನುಗಳ ಮೆಟ್ರೊಪಾಲಿಟನ್ ಒಪೆರಾ. ಪಶ್ಚಿಮದ ಆಮ್‌ಸ್ಟರ್‌ಡ್ಯಾಮ್ ಅವೆನ್ಯೂ ಕಡೆಯಿಂದ ಬಂದವರಿಗೆ ಸಿಕ್ಕಿದ್ದು ಮಾತ್ರ ಗೋಡೆ. ಆ ಗೋಡೆಗೆ ಎದುರಾಗಿ, ರಸ್ತೆಯಾಚೆ, ಆಮ್‌ಸ್ಟರ್‌ಡ್ಯಾಮ್ ಹೌಸಸ್ ಎಂಬ ಸರ್ಕಾರಿ ವಸತಿ ಸಮುಚ್ಚಯವಿದೆ. ಕಡಿಮೆ ವರಮಾನದ ಸಂಸಾರಗಳು ಅಲ್ಲಿ ಬಾಡಿಗೆಗಿವೆ. ಸಂಗೀತದ ಅಂಗಳ ಕಟ್ಟುವುದಕ್ಕೆ ಮೊದಲೇ ಆ ಮನೆಗಳು ಅಲ್ಲಿದ್ದವು. ಅಂದರೆ ಅಂಗಳದ ನಕ್ಷೆ ಬರೆದವರು ಅವರನ್ನು ಕಂಡೇ ಬೆನ್ನು ತಿರುಗಿಸಿದರು.

ಈ ಅಂಗಳ ಎದ್ದ ನೆಲ ಬರಿದಾಗಿರಲಿಲ್ಲ. ಆ ಕೇರಿಯ ಹೆಸರು ಸ್ಯಾನ್ ವಾನ್ ಹಿಲ್. ಕಪ್ಪು ಜನ, ಪೋರ್ಟೊರಿಕೊದಿಂದ ಬಂದವರು ಒತ್ತೊತ್ತಾಗಿ ಬಾಳಿದ ಜಾಗ. ಜಾಝ್ ಪಿಯಾನೊ ವಾದಕ ಥೆಲೋನಿಯಸ್ ಮಂಕ್ ಬೆಳೆದದ್ದು ಅಲ್ಲಿನ 63ನೇ ಬೀದಿಯಲ್ಲಿ. 1949ರ ವಸತಿ ಕಾಯ್ದೆಯು ಕೊಳೆಗೇರಿ ತೆರವಿಗೆ ಕೇಂದ್ರದ ಹಣ ಕೊಟ್ಟಿತು. ನಗರದ ಪ್ರಬಲ ಯೋಜಕ ರಾಬರ್ಟ್ ಮೋಸೆಸ್ ಆ ಹಣ, ಕೊಳೆಗೇರಿಯೆಂಬ ಹೆಸರು ಎರಡನ್ನೂ ಈ ಕೇರಿಗೆ ಅಂಟಿಸಿದ. 7,000ಕ್ಕೂ ಹೆಚ್ಚು ಕುಟುಂಬಗಳು, ಸುಮಾರು 800 ಅಂಗಡಿ-ವ್ಯವಹಾರಗಳು ಎತ್ತಂಗಡಿಯಾದವು. 1959ರ ಮೇ 14ರಂದು ಅಧ್ಯಕ್ಷ ಐಸೆನ್‌ಹೋವರ್ ಗುದ್ದಲಿ ಪೂಜೆ ನೆರವೇರಿಸಿದರು, ಲಿಯೊನಾರ್ಡ್ ಬರ್ನ್‌ಸ್ಟೈನ್ ವಾದ್ಯವೃಂದವನ್ನು ನಡೆಸಿದರು. 1962ರ ಸೆಪ್ಟೆಂಬರಿನಲ್ಲಿ ಸಂಗೀತ ಸಭಾಂಗಣ ತೆರೆಯಿತು.

ಆ ಸಭಾಂಗಣಗಳಲ್ಲಿ ಹೊಮ್ಮಿದ ಸಂಗೀತ ದೊಡ್ಡದು, ಅದರಲ್ಲಿ ಸಂಶಯವಿಲ್ಲ. ಆದರೆ ಸಂಗೀತ ದೊಡ್ಡದೆಂಬ ಕಾರಣಕ್ಕೆ ಲೆಕ್ಕ ಚುಕ್ತಾ ಆಯಿತೆನ್ನುವವರ ಮಾತನ್ನು ನಾನು ಒಪ್ಪಲಾರೆ. ಮನೆ ಕಳೆದುಕೊಂಡವರೊಬ್ಬರು, ಕೇಳಿ ಸುಖಪಟ್ಟವರು ಇನ್ನೊಬ್ಬರು. ಒಬ್ಬರ ಸುಖವನ್ನು ಇನ್ನೊಬ್ಬರ ನಷ್ಟದ ಖಾತೆಗೆ ಜಮಾ ಮಾಡಲು ಯಾರಿಗೂ ಅಧಿಕಾರವಿಲ್ಲ.

ಸಂಗೀತದಂತೆ ಅಂಗಳದ ಚೆಲುವೂ ನಿಜ. ಉದ್ಯಾನ ವಿನ್ಯಾಸಕ ಡ್ಯಾನ್ ಕಿಲಿ ಲಿಂಕನ್ ಸೆಂಟರಿನ ಉತ್ತರದ ಅಂಗಳದಲ್ಲಿ ಕಲ್ಲಿನ ಚೌಕಗಳೊಳಗೆ ಮರಗಳನ್ನು ನೆಟ್ಟು, ಹೆನ್ರಿ ಮೂರ್ ಶಿಲ್ಪವಿದ್ದ ನೀರಿನ ಕೊಳಕ್ಕೆ ನೆರಳಿನ ಅಂಚು ಕಟ್ಟಿದ್ದ. ನಗರದ ನಡುವೆ ಅಷ್ಟು ಶಾಂತವಾದ ಜಾಗಗಳು ಕಡಿಮೆ. ಈ ಶತಮಾನದ ಮೊದಲ ದಶಕದ ನವೀಕರಣದಲ್ಲಿ ಅವನ ವಿನ್ಯಾಸ ಬದಲಾದಾಗ ಬಲ್ಲವರು ನೊಂದರು. ಆ ನೋವು ನ್ಯಾಯವಾದದ್ದು. ಅದೇ ನವೀಕರಣ ಕೊಲಂಬಸ್ ಅವೆನ್ಯೂ ಕಡೆಯ ಮೆಟ್ಟಿಲುಗಳನ್ನು ಹಿಗ್ಗಿಸಿತು, ಕಾರುಗಳ ದಾರಿಯನ್ನು ಅವುಗಳ ಕೆಳಗಿಳಿಸಿತು, ಒಂದು ಛಾವಣಿಯ ಮೇಲೆ ಓರೆಯಾದ ಹುಲ್ಲುಹಾಸನ್ನೇ ಬೆಳೆಸಿತು. ಆಗಲೂ ಪಶ್ಚಿಮದ ಗೋಡೆ ಗೋಡೆಯಾಗಿಯೇ ಉಳಿಯಿತು. ಮನೆಯ ಮುಂದೆ ಜಗಲಿ ಕಟ್ಟಿಸುವುದು ದಾರಿಹೋಕನೂ ಕೂರಲಿ ಎಂದು. ಇಲ್ಲಿ ಜಗಲಿ ಇತ್ತು, ಅದು ಒಂದೇ ಬೀದಿಗೆ ಇತ್ತು.

ಗೋಡೆಯ ಬಳಿಯೇ ಇರುವ ಡ್ಯಾಮ್‌ರಾಶ್ ಪಾರ್ಕಿನ ಕಥೆ ಇನ್ನೂ ಕಹಿ. ಅದು ನಗರದ ಸಾರ್ವಜನಿಕ ಉದ್ಯಾನ. 2010ರಿಂದ ಫ್ಯಾಷನ್ ವೀಕ್‌ನ ಡೇರೆಗಳು ಅಲ್ಲಿ ಎದ್ದವು. ಅವುಗಳಿಗಾಗಿ ಮರಗಳು ಹೋದವು, ಜನ ಹೊರಗೆ ನಿಂತರು. ನಾಗರಿಕರು ನ್ಯಾಯಾಲಯಕ್ಕೆ ಹೋದ ಮೇಲೆ, ರಾಜಿಯ ಫಲವಾಗಿ, 2015ರಲ್ಲಿ ಡೇರೆಗಳು ಬೇರೆಡೆಗೆ ಹೊರಟವು. ಇಲ್ಲಿ ಹೊಸದಾಗಿ ಗೋಡೆ ಕಟ್ಟಬೇಕಾಗಲಿಲ್ಲ. ವರ್ಷಕ್ಕೆ ಎರಡು ಬಾರಿಯ ಬಾಡಿಗೆ ಕರಾರು ಸಾಕಾಯಿತು.

ಸಂಸ್ಥೆಯ ಮನಸ್ಸು ಈಚೆಗೆ ಬದಲಾಗಿದೆ ಎನ್ನಲು ಆಧಾರವಿದೆ. 2021ರಲ್ಲಿ, ಕೋವಿಡ್ಡಿನಿಂದ ಸಭಾಂಗಣಗಳು ಮುಚ್ಚಿದ್ದಾಗ, ರಂಗವಿನ್ಯಾಸಕಿ ಮಿಮಿ ಲಿಯೆನ್ ಕಾರಂಜಿಯ ಸುತ್ತಲ ಕಲ್ಲುನೆಲಕ್ಕೆ ಕೃತಕ ಹುಲ್ಲು ಹಾಸಿದರು. ಟಿಕೆಟ್ಟಿಲ್ಲದೆ ಬಂದು ಕೂರಲು, ಮಲಗಲು, ಓದಲು ಜಾಗವಾಯಿತು. 2022ರಲ್ಲಿ ಡೇವಿಡ್ ಗೆಫೆನ್ ಹಾಲ್ ಮರುತೆರೆದಾಗ ಟ್ರಿನಿಡಾಡ್ ಮೂಲದ ಟ್ರಂಪೆಟ್ ವಾದಕ ಎಟಿಯೆನ್ ಚಾರ್ಲ್ಸ್ ಸ್ಯಾನ್ ವಾನ್ ಹಿಲ್ಲಿನ ಕಥೆಯನ್ನೇ ಸಂಗೀತ ಮಾಡಿದರು, ಕಲಾವಿದೆ ನೀನಾ ಶಾನೆಲ್ ಆಬ್ನಿ ಅವರ ಚಿತ್ರಗಳು ಅದರ ಉತ್ತರದ ಮುಖವನ್ನು ತುಂಬಿದವು. ಆಮೇಲೆ ಗೋಡೆ ತೆಗೆಯುವ ಯೋಜನೆ ಬಂತು. ಹುಡ್ ಡಿಸೈನ್ ಸ್ಟುಡಿಯೊ, ವೈಸ್/ಮ್ಯಾನ್‌ಫ್ರೆಡಿ, ಮೂಡಿ ನೋಲನ್ ಎಂಬ ಮೂರು ಸಂಸ್ಥೆಗಳು ಅದರಲ್ಲಿವೆ. ಮರಗಳು, ಬಯಲು ರಂಗಮಂದಿರ, ಆಮ್‌ಸ್ಟರ್‌ಡ್ಯಾಮ್ ಅವೆನ್ಯೂಗೆ ತೆರೆದ ಪ್ರವೇಶ ಅದರ ನಕ್ಷೆಯಲ್ಲಿವೆ. ಅಕ್ಕಪಕ್ಕದ ನಿವಾಸಿಗಳನ್ನು, ಶಾಲಾಮಕ್ಕಳನ್ನು ಕೇಳಿ ಯೋಜನೆ ಬೆಳೆಸಿದ್ದಾರೆ.

ಇದನ್ನು ಪ್ರಾಯಶ್ಚಿತ್ತ ಎಂದು ಕರೆಯುವವರಿದ್ದಾರೆ. ನನಗೆ ಅದು ತಪ್ಪೆನಿಸುತ್ತದೆ. ಇಲ್ಲಿ ಇರುವುದು ಎರಡು ಸಾಲ. ಒಂದು, ಮನೆ ಕಳೆದುಕೊಂಡವರದು. ಅವರು ಚದುರಿಹೋದರು, ಬಹಳ ಮಂದಿ ತೀರಿಕೊಂಡರು. ಹೊಸ ಬೆಂಚಿನ ಮೇಲೆ ಕೂರಲು ಅವರು ಬರುವುದಿಲ್ಲ. ಗಿಡ ನೆಟ್ಟು ಆ ಸಾಲ ತೀರಿತೆನ್ನುವುದು ಸತ್ತವರ ಪರವಾಗಿ ನಾವೇ ರಸೀದಿಗೆ ಸಹಿ ಹಾಕಿದಂತೆ. ಎರಡನೆಯದು, ರಸ್ತೆಯಾಚೆಯವರದು. ಅವರಿಗಾದ ಅನ್ಯಾಯ 1959ರಲ್ಲಿ ಮುಗಿದ ಘಟನೆಯಲ್ಲ, ಕಿಟಕಿ ತೆರೆದಾಗಲೆಲ್ಲ ನಡೆದದ್ದು. ಅದನ್ನು ತೀರಿಸಬಹುದು, ತೀರಿಸಲೇಬೇಕು, ಅದಕ್ಕೆ ಕೃತಜ್ಞತೆ ಕೇಳಬಾರದು. ಮೊದಲನೆಯದನ್ನು ತೀರಿಸಿದ ಹೆಮ್ಮೆ ಬಂದುಬಿಟ್ಟರೆ ಎರಡನೆಯದು ಅರ್ಧಕ್ಕೇ ನಿಲ್ಲುವ ಭಯ ನನಗಿದೆ.

ಆ ಕಡೆಯ ದಾರಿ ರಾತ್ರಿ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ? ಖಾಸಗಿ ಸಮಾರಂಭದ ದಿನ ಯಾರು ಹೊರಗೆ ನಿಲ್ಲಬೇಕಾಗುತ್ತದೆ? ಚೆಂಡಾಡುವ ಮಕ್ಕಳಿಗೆ ಕಾವಲುಗಾರ ಏನೆನ್ನುತ್ತಾನೆ? ಇವುಗಳಿಗೆ ಉತ್ತರ ನಕ್ಷೆಯಲ್ಲಿ ಸಿಗುವುದಿಲ್ಲ. ಅದನ್ನು ಆಡಳಿತದ ಕರಾರಿನಲ್ಲಿ ಬರೆಯಬೇಕು, ಆಮ್‌ಸ್ಟರ್‌ಡ್ಯಾಮ್ ಹೌಸಸ್‌ನ ನಿವಾಸಿಗಳನ್ನು ಎದುರಿಗೆ ಕೂರಿಸಿಕೊಂಡು, ದಾರಿ ತೆರೆಯುವ ಮೊದಲೇ.