ಮುಹೂರ್ತವೂ ನೆಲದ ತೇವವೂ

ಗೃಹಪ್ರವೇಶದ ದಿನವನ್ನು ಪಂಚಾಂಗ ಗೊತ್ತುಮಾಡಬೇಕೋ ಮನೆಯ ನೆಲ ಗೊತ್ತುಮಾಡಬೇಕೋ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಮೇಸ್ತ್ರಿಗೂ ಪುರೋಹಿತರಿಗೂ ಸಂಬಂಧಿಸಿದ ವ್ಯವಹಾರದ ಮಾತೆನಿಸಿದರೂ, ಅದರ ಒಳಗಿರುವುದು ವಿಧಿಯ ಯಾವ ಭಾಗ ಮುಖ್ಯ, ಯಾವುದು ಅದಕ್ಕೆ ಅಧೀನ ಎಂಬ ಧರ್ಮಜಿಜ್ಞಾಸೆಯೇ. ಕನಕಪುರ ರಸ್ತೆಯ ಬದಿಗೆ, ಕೆರೆಯ ನೆರೆಯಲ್ಲಿ ಬೆಳೆದಿರುವ ಅಂಜನಾಪುರದಂಥ ಬಡಾವಣೆಗಳಲ್ಲಿ ಈ ಪ್ರಶ್ನೆಗೆ ವಿಶೇಷ ತೀಕ್ಷ್ಣತೆಯಿದೆ. ಆಷಾಢದಲ್ಲಿ ಗೃಹಪ್ರವೇಶ ಕೂಡದೆಂಬ ರೂಢಿಯಿಂದಾಗಿ ಜ್ಯೇಷ್ಠ ಕಳೆಯುವುದರೊಳಗೆ ಹಾಲುಕ್ಕಿಸಿಬಿಡಬೇಕೆಂಬ ಆತುರ ಹುಟ್ಟುವುದು ಮುಂಗಾರು ಕಾಲಿಡುವ ಹೊತ್ತಿನಲ್ಲೇ.

ಆ ಆತುರಕ್ಕೆ ಮೊದಲು ಬಲಿಯಾಗುವುದು ಕಣ್ಣಿಗೆ ಕಾಣದ ಕೆಲಸ. ಮಣ್ಣಿನ ತೇವವು ಬತ್ತಿಯಲ್ಲಿ ಎಣ್ಣೆ ಏರುವಂತೆ ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳ ಮೂಲಕ ಮೇಲಕ್ಕೇರುವುದರಿಂದ, ನೆಲಕ್ಕೆ ಕಾಂಕ್ರೀಟ್ ಹಾಕುವ ಮೊದಲು ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಬೇಕು. ಪಾಯದ ಮೇಲೆ, ಗೋಡೆ ಏಳುವ ಮುನ್ನ, ಡಿಪಿಸಿ ಎಂದು ಕರೆಯುವ, ನೀರುನಿರೋಧಕ ಬೆರೆಸಿದ ತೆಳುವಾದ ಕಾಂಕ್ರೀಟ್ ಪಟ್ಟಿ ಹಾಕಬೇಕು. ಇವೆರಡನ್ನೂ ಮಾಡಿದ ಮೇಲೂ ಕಾಂಕ್ರೀಟಿಗೆ ಬೆರೆಸಿದ ನೀರು ಅದರೊಳಗೇ ಉಳಿದಿರುತ್ತದೆ. ಒಣಹವೆಯಲ್ಲಿ ಒಂದು ಮಿಲಿಮೀಟರ್ ದಪ್ಪಕ್ಕೆ ಒಂದು ದಿನ ಎಂಬ ರೂಢಿಯ ಲೆಕ್ಕ ಹಿಡಿದರೆ 75 ಮಿಲಿಮೀಟರ್ ನೆಲಕ್ಕೆ ಎರಡೂವರೆ ತಿಂಗಳು ಬೇಕು, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಅಷ್ಟು ಕಾಯದಿದ್ದರೆ ಮರದ ಹಾಸು ಉಬ್ಬುವುದು, ಗೋಡೆಯ ಬುಡದಲ್ಲಿ ಉಪ್ಪು ಕಾಣಿಸಿಕೊಂಡು ಬಣ್ಣ ಏಳುವುದು ಇದ್ದದ್ದೇ.

ನೆಲವನ್ನು ಕೇಳಿ ತಿಳಿಯುವ ಉಪಾಯ ಸರಳವಾಗಿದೆ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲೆ ಹರಡಿ, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪು ಅಂಟಿಸಿ, ಕನಿಷ್ಠ 16 ಗಂಟೆ ಬಿಟ್ಟು ತೆಗೆದಾಗ ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ, ಅಥವಾ ಅದರಡಿಯ ಕಾಂಕ್ರೀಟ್ ಕಪ್ಪಿಟ್ಟಿದ್ದರೆ, ನೆಲ ಇನ್ನೂ ಒಣಗಿಲ್ಲವೆಂದೇ ಅರ್ಥ.

ಇಂಥ ಪರೀಕ್ಷೆ ಶಾಸ್ತ್ರಕ್ಕೆ ಹೊರಗಿನದೆಂದು ಭಾವಿಸುವುದು ತಪ್ಪು. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆ ವಾಸ್ತುವಿದ್ಯೆಯ ಅಧ್ಯಾಯದಲ್ಲಿ, ಮೊಳದಷ್ಟು ಗುಂಡಿ ತೋಡಿ ಅದೇ ಮಣ್ಣನ್ನು ಮರಳಿ ತುಂಬಿ ಮಿಗುತ್ತದೆಯೋ ಸಾಲದಾಗುತ್ತದೆಯೋ ನೋಡಬೇಕೆಂದೂ, ಗುಂಡಿಗೆ ನೀರು ತುಂಬಿ ನೂರು ಹೆಜ್ಜೆ ನಡೆದು ಹಿಂತಿರುಗಿ ನೀರು ಇಳಿದಿದೆಯೇ ಎಂದು ಪರೀಕ್ಷಿಸಬೇಕೆಂದೂ ವಿಧಿಸುತ್ತದೆ. ನಿವೇಶನದ ಇಳಿಜಾರು ಯಾವ ವರ್ಣದವರಿಗೆ ಯಾವ ದಿಕ್ಕಿಗಿರಬೇಕೆಂದೂ ಅದೇ ಗ್ರಂಥ ಹೇಳುತ್ತದೆ. ವರ್ಣದ ಆ ಕಟ್ಟಳೆಯನ್ನು ಕೈಬಿಟ್ಟದ್ದು ನ್ಯಾಯವೇ. ಆದರೆ ಮಣ್ಣನ್ನು ಮುಟ್ಟಿ ನೋಡುವ ಪರೀಕ್ಷೆಯನ್ನೂ ಜೊತೆಗೇ ಬಿಟ್ಟು, ನೆಲ ಈಶಾನ್ಯಕ್ಕೆ ವಾಲಿದೆಯೇ ಎಂಬುದೊಂದನ್ನೇ ರಸಮಟ್ಟ ಇಟ್ಟು ಅಳೆಯುವುದು ಶಾಸ್ತ್ರನಿಷ್ಠೆಯಾಗಲಾರದು.

ಜೈಮಿನಿಯ ಮೀಮಾಂಸೆ ಯಾವುದೇ ಕರ್ಮದಲ್ಲಿ ಪ್ರಧಾನ ಮತ್ತು ಅಂಗ ಎಂದು ಎರಡನ್ನು ಗುರುತಿಸುತ್ತದೆ: ಯಾವುದಕ್ಕಾಗಿ ಉಳಿದೆಲ್ಲವೂ ಇದೆಯೋ ಅದು ಪ್ರಧಾನ, ಅದಕ್ಕೆ ನೆರವಾಗುವುದು ಅಂಗ; ಎರಡಕ್ಕೂ ವಿರೋಧ ಬಂದಾಗ ಪ್ರಧಾನವೇ ಗೆಲ್ಲಬೇಕು. ಕಾಲವನ್ನು ಹಾಗೆ ಬದಿಗಿಡಲಾಗದು, ಹುಣ್ಣಿಮೆ ಅಮಾವಾಸ್ಯೆಗಳ ದರ್ಶಪೂರ್ಣಮಾಸ ಯಾಗವನ್ನು ಬೇರೆ ದಿನ ಮಾಡಲಾದೀತೇ ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ಆ ಯಾಗಕ್ಕೆ ತಿಥಿಯೇ ನಿಮಿತ್ತ. ಗೃಹಪ್ರವೇಶಕ್ಕೆ ನಿಮಿತ್ತ ವಾಸಯೋಗ್ಯವಾದ ಮನೆ, ಮತ್ತು ಅದಕ್ಕೆ ಹೊಂದುವ ಮುಹೂರ್ತಗಳು ವರ್ಷದಲ್ಲಿ ಹಲವು. ಮನೆಯೇ ಸಿದ್ಧವಾಗದಿರುವಾಗ ಹಿಡಿದ ಮುಹೂರ್ತಕ್ಕೆ ಆಶ್ರಯಿಸಲು ಪ್ರಧಾನವೇ ಇರುವುದಿಲ್ಲ. ಹಸಿ ನೆಲದ ಮೇಲೆ ಹಾಸುಗಲ್ಲು ಮುಚ್ಚಿ ಹೋಮ ಮಾಡಿಸುವವರು ಶ್ರದ್ಧೆಯಿಂದಲೇ ಮಾಡುತ್ತಾರೆ, ಅದರಲ್ಲಿ ಸಂಶಯವಿಲ್ಲ. ಆದರೆ ಆ ಶ್ರದ್ಧೆ ಮುಹೂರ್ತದ ಕಡೆಗೇ ಹರಿದು, ಮುಂದೆ ಆ ನೆಲದ ಮೇಲೆ ಮಲಗುವ ವೃದ್ಧರ, ಅಂಬೆಗಾಲಿಡುವ ಮಕ್ಕಳ ಕಡೆಗೆ ತಿರುಗದೆ ಹೋಗುತ್ತದೆ.

ಆದಕಾರಣ ಪ್ಲಾಸ್ಟಿಕ್ ಹಾಳೆಯ ಅಡಿ ಹನಿ ಕಾಣದಾದ ಮೇಲೆಯೇ ಪುರೋಹಿತರ ಬಳಿ ದಿನ ಕೇಳಬೇಕು. ಜ್ಯೇಷ್ಠದಲ್ಲಿ ಆಗದಿದ್ದರೆ ಶ್ರಾವಣದಲ್ಲಿ, ಶ್ರಾವಣದಲ್ಲೂ ಮಳೆ ಬಿಡದಿದ್ದರೆ ಅದರಾಚೆಗೆ.