ಅಜ್ಞಾತ ಪರೀಕ್ಷಕನ ಧರ್ಮ

ನ್ಯಾಯಸ್ಥಾನದಲ್ಲಿ ಕುಳಿತವನ ಮುಖವು ವಾದಿಗೂ ಪ್ರತಿವಾದಿಗೂ ಕಾಣುತ್ತಿರಬೇಕೆಂಬುದು ಲೋಕದಲ್ಲಿ ಬಹುಕಾಲದಿಂದ ಮಾನ್ಯವಾಗಿರುವ ಮಾತು. ತೀರ್ಪು ಹೇಳುವವನು ತನ್ನ ಹೆಸರಿನಿಂದ ಹೇಳಬೇಕು; ಹೇಳಿದುದಕ್ಕೆ ಹೊಣೆಯಾಗಬೇಕು. ಆದರೆ ಸತ್ಯಾನ್ವೇಷಣೆಯೇ ತನ್ನ ವ್ರತವೆಂದು ಹೇಳಿಕೊಳ್ಳುವ ವಿಜ್ಞಾನಪ್ರಪಂಚದಲ್ಲಿ ಇದಕ್ಕೆ ತೀರ ವಿರುದ್ಧವಾದ ಪದ್ಧತಿಯೊಂದು ಬೇರೂರಿದೆ. ಅಲ್ಲಿ ತೀರ್ಪುಗಾರನು ಮರೆಯಲ್ಲಿರುವನು. ತೀರ್ಪಿಗೆ ಒಳಗಾಗುವವನು ಬಹುಮಟ್ಟಿಗೆ ಬಯಲಿನಲ್ಲಿ ನಿಂತಿರುವನು. ಇದು ನ್ಯಾಯವೇ ಎಂಬ ಪ್ರಶ್ನೆಯನ್ನು ವಿದ್ವಾಂಸರ ಮನೆಯ ಒಳಜಗಳವೆಂದು ತಳ್ಳಿಬಿಡುವಂತಿಲ್ಲ. ರೋಗಿಗೆ ಕೊಡುವ ಔಷಧದಿಂದ ಹಿಡಿದು ಮಕ್ಕಳು ಓದುವ ಪಾಠದವರೆಗೆ ಎಷ್ಟೋ ವಿಷಯಗಳು ಈ ಮರೆಯ ತೀರ್ಪಿನ ಮೂಲಕವೇ ಹಾದುಬರುತ್ತವೆ.

ಪದ್ಧತಿಯ ಸ್ವರೂಪವು ಹೀಗೆ. ಸಂಶೋಧಕನು ತಾನು ಕಂಡುಕೊಂಡುದನ್ನು ಲೇಖನವಾಗಿ ಬರೆದು ವಿದ್ವತ್ಪತ್ರಿಕೆಗೆ ಕಳುಹಿಸುತ್ತಾನೆ. ಸಂಪಾದಕನು ಮೊದಲು ತಾನೇ ಓದಿ, ಪತ್ರಿಕೆಗೆ ಸಲ್ಲದುದನ್ನು ಅಲ್ಲಿಂದಲೇ ಹಿಂದಿರುಗಿಸುತ್ತಾನೆ. ಉಳಿದುದನ್ನು ಆ ವಿಷಯದಲ್ಲಿಯೇ ಪರಿಶ್ರಮವುಳ್ಳ ಇಬ್ಬರಿಗೋ ಮೂವರಿಗೋ ಕಳುಹಿಸಿ ಅವರ ಅಭಿಪ್ರಾಯವನ್ನು ಬೇಡುತ್ತಾನೆ. ಇವರು ಸಾಮಾನ್ಯವಾಗಿ ಯಾವ ಸಂಭಾವನೆಯನ್ನೂ ಪಡೆಯದೆ, ತಮ್ಮ ಕೆಲಸದ ನಡುವೆ ಬಿಡುವು ಮಾಡಿಕೊಂಡು, ಅಚ್ಚು ಹಾಕಬಹುದೆಂದೋ ತಿದ್ದಬೇಕೆಂದೋ ಬೇಡವೆಂದೋ ಬರೆದು ತಿಳಿಸುತ್ತಾರೆ. ನಿರ್ಣಯವು ಸಂಪಾದಕನದು, ಆದರೆ ಪರೀಕ್ಷಕರ ಮಾತನ್ನು ಮೀರಿ ನಡೆಯುವ ಸಂಪಾದಕರು ವಿರಳ. ಈ ಕ್ರಮವು ಅನಾದಿಯೆಂದು ತಿಳಿಯುವವರುಂಟು, ಅದು ಸರಿಯಲ್ಲ. ೧೬೬೫ರಲ್ಲಿ ಹೆನ್ರಿ ಓಲ್ಡನ್‌ಬರ್ಗರು ಲಂಡನ್ನಿನಲ್ಲಿ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಪತ್ರಿಕೆಯನ್ನು ಆರಂಭಿಸಿದಾಗ ಆಯ್ಕೆಯೆಲ್ಲ ಹೆಚ್ಚಾಗಿ ಅವರ ವಿವೇಚನೆಗೇ ಸೇರಿತ್ತು. ಲಿಖಿತವಾದ ಪರೀಕ್ಷಕಾಭಿಪ್ರಾಯವು ರಾಯಲ್ ಸೊಸೈಟಿಯಲ್ಲಿ ಬಳಕೆಗೆ ಬಂದುದು ೧೮೩೦ರ ದಶಕದಲ್ಲಿ. ಹೆಸರಾಂತ ‘ನೇಚರ್’ ಪತ್ರಿಕೆಯು ಇದನ್ನು ನಿಯಮವಾಗಿ ಮಾಡಿಕೊಂಡುದಂತೂ ೧೯೭೩ರಲ್ಲಿ. ೧೯೫೩ರಲ್ಲಿ ಅದೇ ಪತ್ರಿಕೆಯಲ್ಲಿ ಹೊರಬಿದ್ದ ವಾಟ್ಸನ್ ಮತ್ತು ಕ್ರಿಕ್‌ರವರ ಜಗದ್ವಿಖ್ಯಾತ ಲೇಖನವನ್ನು ಯಾವ ಪರೀಕ್ಷಕನೂ ನೋಡಿರಲಿಲ್ಲ.

ಮರೆಯ ತೀರ್ಪು ಎಂತಹ ಅನರ್ಥವನ್ನು ಮಾಡಬಲ್ಲುದೆಂಬುದಕ್ಕೆ ಜಾನ್ ಜೇಮ್ಸ್ ವಾಟರ್‌ಸ್ಟನ್ನರ ಕಥೆಯೇ ಸಾಕು. ಸ್ಕಾಟ್ಲೆಂಡಿನವರಾದ ಇವರು ಮುಂಬಯಿಯಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ನೌಕಾಪಡೆಯ ತರುಣರಿಗೆ ಪಾಠ ಹೇಳುವ ಉಪಾಧ್ಯಾಯರಾಗಿದ್ದರು. ೧೮೪೫ರಲ್ಲಿ ಅಲ್ಲಿಂದಲೇ ರಾಯಲ್ ಸೊಸೈಟಿಗೆ ಒಂದು ಲೇಖನವನ್ನು ಕಳುಹಿಸಿದರು. ಅನಿಲವೆಂಬುದು ಅತಿವೇಗದಿಂದ ಎತ್ತಲೂ ಓಡಾಡುತ್ತ ಒಂದನ್ನೊಂದು ಸಂಘಟ್ಟಿಸುವ ಕಣಗಳ ಸಮೂಹ. ಅದರ ಒತ್ತಡವೂ ಉಷ್ಣತೆಯೂ ಆ ಚಲನೆಯ ಫಲ. ಬೇರೆಬೇರೆ ಅನಿಲಗಳು ಒಂದೇ ಉಷ್ಣತೆಯಲ್ಲಿರುವಾಗ ಅವುಗಳ ಕಣಗಳ ಸರಾಸರಿ ಚಲನಶಕ್ತಿಯು ಒಂದೇ ಆಗಿರುವುದು — ಇದು ಅವರ ಪ್ರತಿಪಾದನೆ. ಇಂದು ಕಾಲೇಜಿನ ವಿದ್ಯಾರ್ಥಿಯೂ ಇದನ್ನು ಬಲ್ಲನು. ಅಂದು ಪರೀಕ್ಷಕರಲ್ಲಿ ಒಬ್ಬರು, ಈ ಸಿದ್ಧಾಂತದ ತಳಹದಿಯನ್ನೇ ಒಪ್ಪುವುದು ಕಷ್ಟವೆಂದರು. ಇನ್ನೊಬ್ಬರು ಇದು ಬರಿಯ ಅಸಂಬದ್ಧವೆಂದೂ ಸಭೆಯಲ್ಲಿ ಓದಲು ಸಹ ಯೋಗ್ಯವಲ್ಲವೆಂದೂ ಬರೆದರು. ಲೇಖನವು ಅಚ್ಚಾಗಲಿಲ್ಲ. ಸೊಸೈಟಿಯ ಕಟ್ಟಳೆಯಂತೆ ಹಸ್ತಪ್ರತಿಯೂ ಹಿಂದಿರುಗಲಿಲ್ಲ. ಪ್ರತಿಯೊಂದನ್ನು ವಾಟರ್‌ಸ್ಟನ್ನರು ಇಟ್ಟುಕೊಂಡಿರಲಿಲ್ಲ. ಮುಂದೆ ೧೮೫೭ರಲ್ಲಿ ಕ್ಲಾಸಿಯಸ್ಸರೂ ೧೮೬೦ರಲ್ಲಿ ಮ್ಯಾಕ್ಸ್‌ವೆಲ್ಲರೂ ಅದೇ ದಾರಿಯಲ್ಲಿ ನಡೆದು ಕೀರ್ತಿಯನ್ನು ಪಡೆದರು. ವಾಟರ್‌ಸ್ಟನ್ನರು ೧೮೮೩ರಲ್ಲಿ ತೀರಿಕೊಂಡರು. ಅವರ ಹಸ್ತಪ್ರತಿಯನ್ನು ಲಾರ್ಡ್ ರೇಲಿಯವರು ಸೊಸೈಟಿಯ ಕಡತಗಳೊಳಗಿಂದ ಹೊರತೆಗೆದು ಮುದ್ರಿಸಿದುದು ೧೮೯೨ರಲ್ಲಿ.

ಆ ಲೇಖನವು ನಿರ್ದುಷ್ಟವಾಗಿತ್ತೆಂದಲ್ಲ. ಅದರ ಗಣಿತದಲ್ಲಿ ತಪ್ಪು ಇದ್ದಿತು. ಪರೀಕ್ಷಕನು ಆ ತಪ್ಪನ್ನು ಬೆರಳಿಟ್ಟು ತೋರಿಸಿದ್ದರೆ ಲೇಖಕನು ತಿದ್ದಿಕೊಳ್ಳುತ್ತಿದ್ದನೋ ಏನೋ. ‘ಅಸಂಬದ್ಧ’ ಎಂಬ ಮಾತಿನಲ್ಲಿ ತಿದ್ದಿಕೊಳ್ಳುವುದಕ್ಕೆ ಏನಿದೆ?

ಇದನ್ನು ಕೇಳಿದೊಡನೆ, ಪರೀಕ್ಷಕನ ಹೆಸರನ್ನು ಬಹಿರಂಗಪಡಿಸಿಬಿಟ್ಟರೆ ಎಲ್ಲವೂ ನೆಟ್ಟಗಾದೀತು ಎನ್ನುವವರುಂಟು. ಅವರ ಮಾತನ್ನು ಹಗುರವಾಗಿ ಕಾಣಲಾಗದು. ಆದರೆ ವಿದ್ಯಾಪ್ರಪಂಚದಲ್ಲಿಯೂ ಹಿರಿಯರು ಕಿರಿಯರು, ಕೆಲಸ ಕೊಡುವವರು ಬೇಡುವವರು ಎಂಬ ಭೇದವುಂಟು. ಇಂದು ಯಾರ ಲೇಖನವನ್ನು ಪರೀಕ್ಷಿಸಬೇಕೋ ಅವರೇ ನಾಳೆ ತನ್ನ ಉದ್ಯೋಗವನ್ನು ನಿರ್ಣಯಿಸುವವರಾಗಿರುವಾಗ, ತರುಣ ವಿದ್ವಾಂಸನು ಹೆಸರು ಹಾಕಿ ‘ತಪ್ಪು’ ಎಂದು ಬರೆಯುವುದು ಸುಲಭವಲ್ಲ. ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಈ ವಿಷಯವನ್ನು ಪ್ರಯೋಗದಿಂದಲೇ ನೋಡಿತು. ೧೯೯೯ರಲ್ಲಿ ಪ್ರಕಟವಾದ ಆ ಪರಿಶೀಲನೆಯಲ್ಲಿ, ಹೆಸರು ತಿಳಿಸಬೇಕೆಂದುದರಿಂದ ಅಭಿಪ್ರಾಯಗಳ ಗುಣವು ಹೇಳುವಷ್ಟು ಹೆಚ್ಚಲೂ ಇಲ್ಲ, ಕುಗ್ಗಲೂ ಇಲ್ಲ. ಪರೀಕ್ಷಿಸುವುದಕ್ಕೇ ಒಲ್ಲೆನೆನ್ನುವವರು ಮಾತ್ರ ಹೆಚ್ಚಾದರು. ಆದರೂ ಪತ್ರಿಕೆಯು ಧೈರ್ಯದಿಂದ ಹೆಸರು ತಿಳಿಸುವ ಕ್ರಮವನ್ನೇ ಹಿಡಿಯಿತು.

ಇನ್ನು ಲೇಖಕನ ಹೆಸರು ಪರೀಕ್ಷಕನಿಗೆ ತಿಳಿದಿದ್ದರೆ ಬರುವ ಕೇಡು ಬೇರೆ. ಪೀಟರ್ಸ್ ಮತ್ತು ಸೆಸಿ ಎಂಬಿಬ್ಬರು ೧೯೮೨ರಲ್ಲಿ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಹೆಸರುವಾಸಿಯಾದ ವಿದ್ಯಾಲಯಗಳ ಮನಶ್ಶಾಸ್ತ್ರಜ್ಞರು ಬರೆದು ಆಗಲೇ ಅಚ್ಚಾಗಿದ್ದ ೧೨ ಲೇಖನಗಳನ್ನು, ಕಲ್ಪಿತ ಹೆಸರುಗಳನ್ನೂ ಯಾರೂ ಕೇಳರಿಯದ ಸಂಸ್ಥೆಗಳನ್ನೂ ತಗಲಿಸಿ, ಮೊದಲು ಅವನ್ನು ಅಚ್ಚುಮಾಡಿದ್ದ ಪತ್ರಿಕೆಗಳಿಗೇ ಮತ್ತೆ ಕಳುಹಿಸಿದರು. ಮೂರು ಮಾತ್ರ ಪತ್ತೆಯಾದುವು. ಉಳಿದ ೯ರಲ್ಲಿ ೮ ತಿರಸ್ಕೃತವಾದುವು. ಅದೂ ಬಹುಮಟ್ಟಿಗೆ, ಶೋಧನೆಯ ಕ್ರಮದಲ್ಲಿ ಗುರುತರವಾದ ದೋಷಗಳಿವೆಯೆಂಬ ಕಾರಣದಿಂದ! ಈ ದೋಷಗಳು ಮೊದಲ ಸಲ ಏಕೆ ಕಣ್ಣಿಗೆ ಬೀಳಲಿಲ್ಲವೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಆದುದರಿಂದ ಹೆಸರು ಮರೆಯಾಗಿರುವುದೇ ಅನ್ಯಾಯದ ಮೂಲವೆನ್ನುವಂತಿಲ್ಲ. ಮರೆಯಲ್ಲಿರುವವನಿಗೆ ಒಂದು ಋಣವುಂಟು. ಅದನ್ನು ತೀರಿಸದಿರುವಲ್ಲಿಯೇ ಅನ್ಯಾಯವಿರುವುದು. ಹೆಸರಿಟ್ಟು ಹೇಳುವವನ ಮಾತಿಗೆ ಅವನ ಕೀರ್ತಿಯೂ ಶೀಲವೂ ಅಷ್ಟಿಷ್ಟು ಬೆಂಬಲವಾಗಿರುತ್ತವೆ. ಅನಾಮಧೇಯನ ಮಾತಿಗೆ ಆ ಬೆಂಬಲವಿಲ್ಲ. ಕಾರಣಗಳ ಹೊರತು ಅದಕ್ಕೆ ಬೇರೆ ಕಾಲಿಲ್ಲ. ಯಾವ ಸಮೀಕರಣದಲ್ಲಿ, ಯಾವ ವಾಕ್ಯದಲ್ಲಿ, ಯಾವ ಪ್ರಯೋಗದಲ್ಲಿ ದೋಷವಿದೆಯೆಂಬುದನ್ನು ಲೇಖಕನು ತಾನೇ ಪರೀಕ್ಷಿಸಿ ನೋಡಬಹುದಾದಂತೆ ಬಿಡಿಸಿ ಬರೆದಾಗ, ಬರೆದವನು ಯಾರೆಂಬುದು ಬಹುಮಟ್ಟಿಗೆ ಅಪ್ರಸ್ತುತವಾಗುತ್ತದೆ.

ಹಾಗೆ ಬರೆದವರೂ ಉಂಟು. ೧೯೩೬ರಲ್ಲಿ ಐನ್‌ಸ್ಟೈನರು ತಮ್ಮ ಸಹಾಯಕರಾದ ರೋಸೆನ್‌ರೊಡನೆ, ಗುರುತ್ವಾಕರ್ಷಣದ ಅಲೆಗಳು ಇಲ್ಲವೆಂದು ಸಾಧಿಸುವ ಲೇಖನವನ್ನು ಅಮೆರಿಕದ ‘ಫಿಸಿಕಲ್ ರಿವ್ಯೂ’ ಪತ್ರಿಕೆಗೆ ಕಳುಹಿಸಿದರು. ಸಂಪಾದಕರಾದ ಜಾನ್ ಟೇಟರು, ಲೇಖಕರ ಕೀರ್ತಿಗೆ ಬೆದರದೆ, ಅದನ್ನು ಪರೀಕ್ಷಕರೊಬ್ಬರಿಗೆ ಕಳುಹಿಸಿದರು. ಹತ್ತು ಪುಟಗಳ ಅಭಿಪ್ರಾಯವು ಬಂದಿತು. ತಪ್ಪು ಎಲ್ಲಿದೆಯೆಂಬುದು ಅದರಲ್ಲಿ ವಿವರವಾಗಿ ಬರೆದಿತ್ತು. ಟೇಟರು ಅದನ್ನು ಐನ್‌ಸ್ಟೈನರಿಗೆ ರವಾನಿಸಿದರು. ಜರ್ಮನಿಯ ಪತ್ರಿಕೆಗಳ ರೂಢಿಯಲ್ಲಿ ಬೆಳೆದಿದ್ದ ಐನ್‌ಸ್ಟೈನರಿಗೆ ಕೋಪ ಬಂದಿತು. ಮುದ್ರಣಕ್ಕೆಂದು ಕೊಟ್ಟುದನ್ನು ಮುದ್ರಣಕ್ಕೆ ಮೊದಲು ಪರರಿಗೆ ತೋರಿಸಲು ತಾವು ಅನುಮತಿ ಕೊಟ್ಟಿರಲಿಲ್ಲವೆಂದು ಬರೆದು ಲೇಖನವನ್ನು ಹಿಂತೆಗೆದುಕೊಂಡು, ಬೇರೊಂದು ಪತ್ರಿಕೆಗೆ ಕಳುಹಿಸಿದರು. ಅಲ್ಲಿ ಅದು ಅಚ್ಚಾಗುವುದಕ್ಕೆ ಮುಂಚೆ ಪ್ರಿನ್ಸ್‌ಟನ್ನಿನ ಪ್ರಾಧ್ಯಾಪಕ ಹೊವರ್ಡ್ ರಾಬರ್ಟ್‌ಸನ್ನರು, ಐನ್‌ಸ್ಟೈನರ ಹೊಸ ಸಹಾಯಕರಾದ ಇನ್‌ಫೆಲ್ಡರೊಡನೆ ಸ್ನೇಹದಿಂದ ಮಾತನಾಡುತ್ತ ದೋಷವನ್ನು ತಿಳಿಯಪಡಿಸಿದರು. ೧೯೩೭ರಲ್ಲಿ ಲೇಖನವು ತಿದ್ದಿದ ರೂಪದಲ್ಲಿ, ಬದಲಾದ ನಿರ್ಣಯದೊಡನೆ ಹೊರಬಂದಿತು. ಆ ಅಲೆಗಳನ್ನು ಯಂತ್ರಗಳು ಗ್ರಹಿಸಿದುದು ೨೦೧೫ರಲ್ಲಿ.

ಆ ಲೇಖನದ ಕೊನೆಯಲ್ಲಿ ಐನ್‌ಸ್ಟೈನರು, ಮೊದಲಿನ ತಪ್ಪನ್ನು ತಿಳಿಯಾಗಿಸುವುದಕ್ಕೆ ನೆರವಾದರೆಂದು ರಾಬರ್ಟ್‌ಸನ್ನರಿಗೆ ವಂದನೆಯನ್ನು ಅರ್ಪಿಸಿದ್ದಾರೆ. ಹತ್ತು ಪುಟಗಳನ್ನು ಬರೆದ ಪರೀಕ್ಷಕರೂ ಇವರೇ ಎಂಬುದು, ಟೇಟರ ದಿನಚರಿ ಪುಸ್ತಕವನ್ನು ತೆರೆದು ನೋಡಿದ ೨೦೦೫ರಲ್ಲಿ ಖಚಿತವಾಯಿತು. ಆ ವೇಳೆಗೆ ಐನ್‌ಸ್ಟೈನರು ತೀರಿಕೊಂಡು ಐವತ್ತು ವರ್ಷಗಳಾಗಿದ್ದುವು.